ಬೆಳಗಿನ ಆರು ಗಂಟೆಯ ಮೆಸೇಜು

ಕೇಳುಗರಿಗೆ ನಮಸ್ಕಾರ.

ತಿಕೋಟಾ ಕಡೆಯ ಕೆಲವು ದ್ರಾಕ್ಷಿ ಬೆಳೆಗಾರರಿಗಾಗಿ ನಾನೊಂದು ವೆಬ್ ಆಪ್ ಬರೆದಿದ್ದೆ. ಮಳೆ ಬರುವ ಲಕ್ಷಣ ಇದೆಯಾ ಇಲ್ಲವಾ ಅಂತ ದಿನಾ ಬೆಳಿಗ್ಗೆ ಆರಕ್ಕೆ ಅದು ಎಲ್ಲರ ಮೊಬೈಲಿಗೂ ತಿಳಿಸಬೇಕು. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದವರಿಗೆ ಅಕಾಲದ ಮಳೆ ಅಂದ್ರೆ ಏನು ಅಂತ ವಿಜಯಪುರದ ಮಂದಿಗೆ ನಾನು ಹೇಳಬೇಕಾ?

ಮೊದಲ ದಿನ ಮೆಸೇಜು ಹೋಗಿದ್ದು ಹನ್ನೊಂದೂವರೆಗೆ. ಆಪ್ ಓಡುವ ಕಂಪ್ಯೂಟರ್, ಅಂದ್ರೆ ಸರ್ವರ್, ಅದರ ಗಡಿಯಾರ ಜಗತ್ತಿಗೆಲ್ಲ ಅಳತೆಯಾದ ಯುಟಿಸಿ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ತಪ್ಪು ನನ್ನದೇ.

ಹೊತ್ತಿಗೆ ಸರಿಯಾಗಿ ಕೆಲಸ ಎಬ್ಬಿಸಲು ಕ್ರಾನ್ ಅಂತ ಒಂದು ಪ್ರೋಗ್ರಾಮ್ ಇದೆ. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ 1979ರ ಏಳನೇ ಆವೃತ್ತಿಯಲ್ಲೇ ಇತ್ತು. ಒಂದು ಸಾಲು, ಅದರಲ್ಲಿ ಐದು ಮನೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಕ್ಷತ್ರ ಅಂದ್ರೆ ಪ್ರತಿಯೊಂದೂ ಅಂತ. ಸೊನ್ನೆ, ಆರು, ಆಮೇಲೆ ಮೂರು ನಕ್ಷತ್ರ ಅಂತ ಬರೆದರೆ ದಿನಾ ಆರಕ್ಕೆ ಅಂತ ಅರ್ಥ. ಆ ಸೊನ್ನೆಯ ಜಾಗದಲ್ಲೂ ನಕ್ಷತ್ರ ಹಾಕಿದಿರೋ, ಆರರಿಂದ ಏಳರೊಳಗೆ ನಿಮಿಷಕ್ಕೊಂದರಂತೆ 60 ಮೆಸೇಜು! ಪುಣ್ಯಕ್ಕೆ ಆ ತಪ್ಪು ಮಾತ್ರ ನಾನು ಮಾಡಲಿಲ್ಲ.

ಬಳಸುವವರು ಜಾಸ್ತಿಯಾದರು ಅಂತ ಇನ್ನೊಂದು ಸರ್ವರ್ ಸೇರಿಸಿದೆ. ಮೊದಲನೆಯದರ ಪಡಿಯಚ್ಚು. ಅದರಲ್ಲೂ ಕ್ರಾನ್ ಸಾಲು ಹಾಗೇ ಬಂದಿತ್ತು. ಮರುದಿನ ಎಲ್ಲರಿಗೂ ಎರಡೆರಡು ಮೆಸೇಜು. ಒಬ್ಬ ಹಿರಿಯರು ಫೋನ್ ಮಾಡಿ, "ತಮ್ಮಾ, ಒಂದ್ ಸಲ ಹೇಳಿದ್ರ ತಿಳೀತಿತ್ತು. ಇದೇನ್ ಗೋಳಗುಮ್ಮಟೇನು?" ಅಂದರು.

ಎರಡನೆಯದರಿಂದ ಆ ಸಾಲು ತೆಗೆದೆ. ಕೆಲವು ವಾರ ಸುಖವಾಗಿತ್ತು. ಒಂದು ರಾತ್ರಿ ಮೊದಲನೆಯ ಸರ್ವರೇ ಮಲಗಿತು. ಬೆಳಿಗ್ಗೆ ಅದು ಎದ್ದಾಗ ಆರು ದಾಟಿತ್ತು. ತಪ್ಪಿಹೋದ ಕೆಲಸವನ್ನು ಕ್ರಾನ್ ಆಮೇಲೆ ತಾನಾಗಿ ಮಾಡುವುದಿಲ್ಲ. ಅವತ್ತು ಮಳೆ ಬರಲಿಲ್ಲ ಅನ್ನೋದೇ ಸಮಾಧಾನ.

ಆಗ ಎರಡನೆಯ ಸರ್ವರಿನಲ್ಲೂ ಕ್ರಾನ್ ಸಾಲನ್ನು ಮತ್ತೆ ಹಾಕಿದೆ. ಆದರೆ ಈ ಸಲ ಎರಡೂ ಸರ್ವರು ಮಾಹಿತಿ ಬರೆದಿಡುವ ಡೇಟಾಬೇಸಿನಲ್ಲಿ ಒಂದು ಖಾತೆ ಇಟ್ಟೆ. ಒಬ್ಬ ರೈತ, ಒಂದು ತಾರೀಖು, ಒಂದೇ ಸಾಲು. ಎರಡು ಸರ್ವರೂ ಒಂದೇ ಕ್ಷಣಕ್ಕೆ ಓಡಿ ಬಂದರೂ ಡೇಟಾಬೇಸ್ ಒಬ್ಬರಿಗೆ ಮಾತ್ರ ಜಾಗ ಕೊಡುತ್ತದೆ. ಇನ್ನೊಬ್ಬರು ಸುಮ್ನೆ ವಾಪಸ್ ಹೋಗುತ್ತಾರೆ.

ಖಾತೆಯಲ್ಲಿ ಸಾಲು ಬರೆದು, ಮೆಸೇಜು ಕಳಿಸುವ ಮೊದಲೇ ಪ್ರೋಗ್ರಾಮ್ ಸತ್ತರೆ? ಇಲ್ಲಿ ನಾನು ತುಂಬಾ ತಲೆ ಕೆಡಿಸಿಕೊಂಡೆ. ಕೊನೆಗೆ "ಕಳಿಸಿದೆ" ಅನ್ನುವ ಗುರುತನ್ನು ಕಳಿಸಿದ ಮೇಲೆಯೇ ಹಾಕುವುದು ಅಂತ ಮಾಡಿದೆ. ಹತ್ತು ನಿಮಿಷವಾದರೂ ಗುರುತು ಬೀಳದ ಸಾಲಿದ್ದರೆ ಆಪ್ ಅದರ ಮೆಸೇಜನ್ನು ಮತ್ತೆ ಕಳಿಸುತ್ತದೆ. ಹೀಗಾಗಿ, ಕಳಿಸಿ ಗುರುತು ಹಾಕುವಷ್ಟರಲ್ಲಿ ಪ್ರೋಗ್ರಾಮ್ ಸತ್ತರೆ, ಅಪರೂಪಕ್ಕೆ ಯಾರಿಗಾದರೂ ಎರಡು ಸಲ ಹೋಗಬಹುದು. ಹೋಗಲಿ. ಮಳೆಯ ಸುದ್ದಿ ಎರಡು ಸಲ ಬಂದರೆ ಬೈಯುತ್ತಾರೆ, ಬರದೇ ಇದ್ದರೆ ಮಾಲು ಹಾಳಾಗುತ್ತದೆ. ಇದೇ ಕೆಲಸ ಯಾರದೋ ಖಾತೆಯಿಂದ ದುಡ್ಡು ತೆಗೆಯುವುದಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು, ಅಲ್ವಾ?

ಇನ್ನೊಂದು ಕಾವಲೂ ಇದೆ. ಕೆಲಸ ಮುಗಿದ ಕೂಡಲೇ ಆಪ್ ಒಂದು ಮೂರನೇ ಯಂತ್ರಕ್ಕೆ "ಮುಗೀತು" ಅನ್ನುತ್ತದೆ. ಆರೂಕಾಲಿನವರೆಗೆ ಆ ಮಾತು ಬರದಿದ್ದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಮೊದಲು ಈ ಕಾವಲನ್ನು ಅದೇ ಸರ್ವರಿನಲ್ಲಿ ಇಡಲು ಹೊರಟಿದ್ದೆ. ಸರ್ವರ್ ಮಲಗಿದರೆ ಕಾವಲುಗಾರನೂ ಮಲಗುತ್ತಾನೆ ಅಂತ ಹೊಳೆದದ್ದು ಆಮೇಲೆ.

ನಮಸ್ಕಾರ.