ಬಣ್ಣಕ್ಕಿಂತ ಮೊದಲು ಚಾವಣಿ

ಕೇಳುಗರಿಗೆ ನಮಸ್ಕಾರ. ಸರ್ಕಾರಿ ಶಾಲೆಗೆ ದುರಸ್ತಿಗೆಂದು ಬರುವ ಹಣ ಎಷ್ಟು, ಅದನ್ನು ಮೊದಲು ಎಲ್ಲಿಗೆ ಹಾಕಬೇಕು ಎಂಬುದು ಇವತ್ತಿನ ಮಾತು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು, ಮುಖ್ಯ ಶಿಕ್ಷಕರು ಕೇಳುತ್ತಿದ್ದರೆ ಕೈಯಲ್ಲೊಂದು ಪೆನ್ನು ಇರಲಿ.

2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಂದು ಸಂಯುಕ್ತ ಶಾಲಾ ಅನುದಾನ ಉಂಟು. ಕರ್ನಾಟಕದಲ್ಲಿ ಯೋಜನೆಯ ವೆಚ್ಚದ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಮಾರ್ಗಸೂಚಿಯ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ. ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಉಳಿದದ್ದರಲ್ಲೇ ಕರೆಂಟ್ ಬಿಲ್ಲು, ಕಲಿಕಾ ಸಾಮಗ್ರಿ, ಆಟದ ಸಾಮಾನು, ಕೆಟ್ಟ ಉಪಕರಣ ಬದಲಿಸುವುದು. ಕಟ್ಟಡದ ರಿಪೇರಿಯೂ ಅದರಲ್ಲೇ.

ತೊಡಕು ಇರುವುದು ಇಲ್ಲೇ. ನಾಲ್ಕು ಕೊಠಡಿಯ ಶಾಲೆಯಲ್ಲಿ ಮಕ್ಕಳು 30ಕ್ಕೆ ಇಳಿದರೂ ಚಾವಣಿ ನಾಲ್ಕು ಕೊಠಡಿಯದೇ. 31ನೇ ಮಗು ದಾಖಲಾದರೆ 15,000 ಹೆಚ್ಚು, ಆ ಒಂದು ಮಗು ಬಿಟ್ಟರೆ ಅಷ್ಟೂ ಕಡಿಮೆ. ಸಣ್ಣ ಊರಿನ ಶಾಲೆಗೆ ಇದು ನ್ಯಾಯವಲ್ಲ. ಕಟ್ಟಡದ ಅಳತೆ, ವಯಸ್ಸು ನೋಡಿ ದುರಸ್ತಿ ಹಣವನ್ನು ಬೇರೆಯಾಗಿಯೇ ಕೊಡಬೇಕು. ಅಲ್ಲಿಯವರೆಗೆ ಇರುವಷ್ಟರಲ್ಲಿ ಸುಣ್ಣಬಣ್ಣ ಹಿಂದಕ್ಕಿರಲಿ, ಚಾವಣಿ ಮುಂದಕ್ಕೆ ಬರಲಿ.

ಒಂದು ಲೆಕ್ಕ ನೋಡಿ. 100 ಚದರ ಮೀಟರಿನ ಆರ್‌ಸಿಸಿ ಚಾವಣಿಯ, ಅಂದರೆ ಒಳಗೆ ಕಬ್ಬಿಣದ ಸರಳಿರುವ ಕಾಂಕ್ರೀಟ್ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್ ನೀರು. ಅಷ್ಟೂ ಇಳಿಯಬೇಕಾದ್ದು ಒಂದೆರಡು ಪೈಪುಗಳಲ್ಲಿ. ಅವುಗಳ ಬಾಯಿಗೆ ಹೊಂಗೆ ಎಲೆಯೋ ಹರಿದ ಪ್ಲಾಸ್ಟಿಕ್ ಚೀಲವೋ ಕೂತರೆ ನೀರು ಚಾವಣಿಯಲ್ಲೇ ನಿಲ್ಲುತ್ತದೆ. ನಿಂತ ನೀರು ಸಣ್ಣ ಬಿರುಕಿನಲ್ಲಿ ಇಳಿದು ಒಳಗಿನ ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸರಳು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಕೆಳಗೆ ಕೂತಿರುವವರು ಮಕ್ಕಳು.

ಮೇ ತಿಂಗಳಲ್ಲೇ ಚಾವಣಿ ಗುಡಿಸಿ, ಪೈಪಿನ ಬಾಯಿಗೆ ಜಾಲರಿ ಕೂರಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು, ಹತ್ತುವವರು ದೊಡ್ಡವರೇ ಆಗಿರಲಿ. ಬಿರುಕಿದ್ದರೆ ಮೇಲಿನಿಂದ ಸಿಮೆಂಟ್ ಹಾಲು ಬಳಿದರೆ ಸಾಲದು. ಬಿಸಿಲಿಗೆ ಚಾವಣಿ ಹಿಗ್ಗಿ ಕುಗ್ಗುವಾಗ ಆ ತೆಳುಪದರ ಮತ್ತೆ ಸೀಳುತ್ತದೆ. ಬಿರುಕನ್ನು ಉಳಿಯಿಂದ ಸುಮಾರು 10 ಮಿಲಿಮೀಟರ್ ಅಗಲಿಸಿ, ಧೂಳು ತೆಗೆದು, ತೊಳೆದು, ನೀರು ತಡೆಯುವ ದ್ರಾವಣ ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ಆಮೇಲೆ 7 ದಿನ ಒದ್ದೆ ಗೋಣಿ ಹೊದಿಸಿಡಿ. ಅಂಚಿನ ಪ್ಯಾರಾಪೆಟ್ ಗೋಡೆಯೂ ಚಾವಣಿಯೂ ಕೂಡುವ ಮೂಲೆಯನ್ನು ಮರೆಯುವವರೇ ಹೆಚ್ಚು. ಅಲ್ಲಿ ಗಾರೆಯನ್ನು ಇಳಿಜಾರಾಗಿ, ದುಂಡಗೆ ತೀಡಿಸಿ.

ಒಳಗಡೆ ಉದ್ದನೆಯ ಕೋಲಿನಿಂದ ಚಾವಣಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಥವಾ ಸರಳು ಕಂಡರೆ ಆ ಕೊಠಡಿಗೆ ಅಂದೇ ಬೀಗ ಹಾಕಿ. ತುಕ್ಕಿನ ಮೇಲೆ ಗಾರೆ ಮೆತ್ತಿದರೆ ಅದು ಗಾರೆಯ ಸಮೇತ ಬೀಳುತ್ತದೆ. ಇದು ವಾರ್ಷಿಕ ಅನುದಾನದಲ್ಲಿ ಮುಗಿಯುವ ಕೆಲಸವಲ್ಲ, ಇಂಜಿನಿಯರ್ ನೋಡಲೇಬೇಕು.

ಹಣ ಫೆಬ್ರವರಿಯಲ್ಲಿ ಬಂದರೂ ಬೇಸರ ಬೇಡ. ಚಾವಣಿ ಕೆಲಸಕ್ಕೆ ಒಣ ಹವೆಯೇ ಬೇಕು. ಆದರೆ ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ಗಡಿಬಿಡಿಯಲ್ಲಿ ಬಣ್ಣದ ಡಬ್ಬ ತರುವಂತಾಗಬಾರದು. ಅದಕ್ಕಾಗಿ ಎಸ್‌ಡಿಎಂಸಿ ಸಭೆಯಲ್ಲಿ ಮುಂಚೆಯೇ ಕೆಲಸದ ಪಟ್ಟಿ ಮಾಡಿ ನಿರ್ಣಯ ಬರೆದಿಡಿ.

ದೊಡ್ಡ ದುರಸ್ತಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕೊಡುವ ಅರ್ಜಿಯಲ್ಲಿ "ಕಟ್ಟಡ ಶಿಥಿಲವಾಗಿದೆ" ಎಂದಷ್ಟೇ ಬರೆಯಬೇಡಿ. ಎಷ್ಟನೇ ಕೊಠಡಿ, ಸೋರುವ ಜಾಗದ ಉದ್ದ ಅಗಲ, ಸರಳು ಕಂಡಿದೆಯೇ, ಅಲ್ಲಿ ಕೂರುವ ಮಕ್ಕಳೆಷ್ಟು ಎಂದು ಬರೆಯಿರಿ. ದಿನಾಂಕವಿರುವ ಫೋಟೊ, ಸಭೆಯ ನಿರ್ಣಯದ ನಕಲು, ಇಂಜಿನಿಯರರ ಅಂದಾಜುಪಟ್ಟಿ ಲಗತ್ತಿಸಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಮಸ್ಕಾರ.