ಟೊರೆಂಟು, ಫೈರ್‌ವಾಲು ಮತ್ತು ಒಂದು ಚಿಗರಿ ಪ್ರಯಾಣ

ಕೇಳುಗರಿಗೆ ನಮಸ್ಕಾರ. ಧಾರವಾಡದ ಸಪ್ತಾಪುರದ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿ ಗಲ್ಲಿಗೊಂದು ಓದುವ ಕೋಣೆ. ಕೆಎಎಸ್, ಪಿಎಸ್‌ಐ ಅಂತ ಊರೂರಿಂದ ಬಂದ ಹುಡುಗರು ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಓದುತ್ತಾರೆ. ನೆಲಮಾಳಿಗೆಯ ಅಂಥದೊಂದು ಕೋಣೆಯ ವೈಫೈ ನೋಡಿಕೊಳ್ಳುವ ಕೆಲಸ ನನ್ನದು. 40 ಕುರ್ಚಿ, ಒಂದೇ ಲೈನು.

ಒಂದು ಮಧ್ಯಾಹ್ನ ಫೋನ್ ಬಂತು. ‘ಸರ, ನೆಟ್ ಬರವಲ್ದು.’ ಹೋಗಿ ನೋಡಿದರೆ ಯಾರೋ ಒಬ್ಬ ಲ್ಯಾಪ್‌ಟಾಪಿನಲ್ಲಿ ಟೊರೆಂಟ್ ಹಚ್ಚಿಟ್ಟು ಊಟಕ್ಕೆ ಹೋಗಿದ್ದ. ಟೊರೆಂಟ್ ಒಂದೇ ಕಡೆಯಿಂದ ಫೈಲ್ ಇಳಿಸುವುದಿಲ್ಲ. ಹತ್ತಾರು ಕಂಪ್ಯೂಟರುಗಳಿಂದ ತುಣುಕು ತುಣುಕಾಗಿ ತರುತ್ತದೆ, ತಂದದ್ದನ್ನು ಮತ್ತೆ ಹಂಚುತ್ತಲೂ ಇರುತ್ತದೆ. ಉಳಿದ 39 ಮಂದಿಗೆ ಏನು ಉಳಿಯಬೇಕು?

ಅವತ್ತೇ ಫೈರ್‌ವಾಲ್, ಅಂದರೆ ನೆಟ್‌ನಲ್ಲಿ ಏನು ಹೋಗಬಹುದು, ಏನು ಬರಬಹುದು ಅಂತ ತೀರ್ಮಾನಿಸುವ ಕಾವಲುಗಾರ, ಅದನ್ನು ತೆರೆದು ಕೂತೆ. ನೆಟ್‌ವರ್ಕಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪೋರ್ಟ್ ನಂಬರು ಇರುತ್ತದೆ. ವೆಬ್‌ಗೆ 80 ಮತ್ತು 443, ಸೈಟಿನ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ಗೆ 53. ಟೊರೆಂಟಿನ ಹಳೇ ರೂಢಿ 6881ರಿಂದ 6889. ಆ ಒಂಬತ್ತನ್ನೂ ಮುಚ್ಚಿದೆ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ ಗೋಳು. ಈಗಿನ ಟೊರೆಂಟ್ ಆಪ್‌ಗಳು ಆ ಒಂಬತ್ತಕ್ಕೆ ಕಟ್ಟುಬಿದ್ದಿಲ್ಲ. ಪೋರ್ಟುಗಳು 65,535ರ ತನಕ ಇವೆ, ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ಒಂದೊಂದನ್ನೇ ಅಟ್ಟಿಸಿಕೊಂಡು ಹೋದರೆ ನಮ್ಮ ಆಯಸ್ಸು ಸಾಲದು.

ಹಾಗಾಗಿ ಲೆಕ್ಕ ತಿರುಗಿಸಿದೆ. ಬೇಡದ್ದರ ಪಟ್ಟಿ ಬಿಟ್ಟು ಬೇಕಾದ್ದರ ಪಟ್ಟಿ ಮಾಡಿದೆ. ವೆಬ್ ಬೇಕು, ಡಿಎನ್‌ಎಸ್ ಬೇಕು, ಮೇಲ್‌ಗೆ 993 ಮತ್ತು 587 ಬೇಕು. ಮಿಕ್ಕಿದ್ದೆಲ್ಲ ಬಂದ್.

ಇಲ್ಲೇ ನಾನು ಮುಗ್ಗರಿಸಿದ್ದು. ಬಹಳಷ್ಟು ಫೈರ್‌ವಾಲ್‌ಗಳು ರೂಲುಗಳನ್ನು ಮೇಲಿನಿಂದ ಕೆಳಗೆ ಓದುತ್ತವೆ. ಮೊದಲು ಹೊಂದಿದ ರೂಲು ಸಿಕ್ಕರೆ ಅಲ್ಲಿಗೇ ನಿಲ್ಲುತ್ತವೆ, ಕೆಳಗೆ ನೋಡುವುದೇ ಇಲ್ಲ. ನಾನು ಹುಬ್ಬಳ್ಳಿಯ ಮನೆಯಲ್ಲಿ ಕೂತು, ದೂರದಿಂದಲೇ ಲಾಗಿನ್ ಆಗಿ, ‘ಎಲ್ಲ ಬಂದ್’ ಅನ್ನೋ ರೂಲನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಸೇವ್ ಒತ್ತಿದೆ, ಸ್ಕ್ರೀನ್ ಅಲ್ಲೇ ನಿಂತಿತು. ಹುಡುಗರಿಗಿಂತ ಮೊದಲು ನನ್ನನ್ನೇ ಹೊರಗೆ ಹಾಕಿತ್ತು! ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ರೂಟರಿಗೆ ಕೇಬಲ್ ಚುಚ್ಚಿ ಸರಿ ಮಾಡಬೇಕಾಯಿತು. ಈಗ ನನ್ನ ಲಾಗಿನ್ನಿನ ರೂಲು ಎಲ್ಲಕ್ಕಿಂತ ಮೇಲೆ, ‘ಎಲ್ಲ ಬಂದ್’ ಕಟ್ಟಕಡೆಗೆ.

ಇಷ್ಟಾದ ಮೇಲೂ 443 ಒಂದು ತಲೆನೋವು. ವಿಡಿಯೋ, ಗೇಮು, ವಿಪಿಎನ್, ಎಷ್ಟೋ ಆಪ್‌ಗಳು ಈಗ ಅದೇ ಬಾಗಿಲಲ್ಲಿ ನುಗ್ಗುತ್ತವೆ. ಒಳಗಿನ ಮಾತು ಗುಟ್ಟು, ಓದಕ್ಕಾಗಲ್ಲ. ಆದರೆ ಸಂಪರ್ಕ ಶುರುವಾಗುವಾಗ ಯಾವ ಸೈಟಿಗೆ ಅನ್ನೋ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಹೋಗುತ್ತದೆ. ಆಪ್ ಗುರುತಿಸುವ ಫೈರ್‌ವಾಲ್‌ಗಳು ಆ ಹೆಸರನ್ನೂ ಪ್ಯಾಕೆಟ್ಟುಗಳ, ಅಂದರೆ ಓಡಾಡುವ ಡೇಟಾ ತುಣುಕುಗಳ, ನಡವಳಿಕೆಯನ್ನೂ ನೋಡಿ ತೀರ್ಮಾನ ಮಾಡುತ್ತವೆ. ಗೇಮುಗಳನ್ನು ಹಾಗೆ ತಡೆದೆ. ಯೂಟ್ಯೂಬ್ ಮುಚ್ಚಿ ಅಂತ ಮಾಲೀಕರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಅರ್ಧ ಪಾಠ ಅಲ್ಲೇ ಇರುತ್ತೆ, ಅಲ್ವಾ? ಅದರ ಬದಲು ಪ್ರತಿ ಫೋನಿಗೂ ಇಷ್ಟೇ ಸ್ಪೀಡು ಅಂತ ಮಿತಿ ಹಾಕಿದೆ.

ವಾರ ಕಳೆದ ಮೇಲೆ ರೋಣದ ಕಡೆಯ ಒಬ್ಬ ಹುಡುಗಿ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದಳು. ಕೆಳಗೆ ಮೊಬೈಲ್ ಸಿಗ್ನಲ್ ಇಲ್ಲ, ವಾಟ್ಸಾಪ್‌ನಲ್ಲಿ ಅವ್ವನ ಜೊತೆ ಮಾತಾಡೋಣ ಅಂದ್ರೆ ಕಾಲ್ ಸರಿಯಾಗಿ ಹತ್ತವಲ್ದು ಅಂದಳು. ಫೈರ್‌ವಾಲ್ ಏನು ಬಿಟ್ಟಿತು, ಏನು ತಡೆಯಿತು ಅಂತ ಬರೆದಿಡುವ ಲಾಗ್ ತೆಗೆದೆ. ಅವಳ ಫೋನಿನಿಂದ ಇಂಥ ಕಾಲ್‌ಗಳು ಬಳಸುವ ಯುಡಿಪಿ 3478 ಅನ್ನೋ ಪೋರ್ಟಿಗೆ ಹೊರಟ ಪ್ಯಾಕೆಟ್ಟುಗಳು ಸಾಲುಸಾಲಾಗಿ ಕಟ್ಟಕಡೆಯ ರೂಲಿಗೆ ಬಡಿದು ಬಿದ್ದಿದ್ದವು. ಬೇಕಾದ್ದರ ಪಟ್ಟಿ ಮಾಡುವಾಗ ಅವ್ವನ ಫೋನು ನನ್ನ ತಲೆಗೇ ಬಂದಿರಲಿಲ್ಲ. ಹೊಸ ರೂಲು ಸೇರಿಸಿದೆ. ಪ್ರತಿ ರೂಲಿನ ಪಕ್ಕದಲ್ಲೂ ಯಾಕೆ ಅಂತ ಬರೆಯಲು ಸಣ್ಣದೊಂದು ಜಾಗ ಇರುತ್ತೆ. ಅಲ್ಲಿ ‘ಮನೆಗೆ ಫೋನ್’ ಅಂತ ಬರೆದಿದ್ದೇನೆ.

ನಮಸ್ಕಾರ.