ಕಾಂಪೋಟಿನ ಕೆಂಪು ಕಾಳು

ಕೃಷಿಕ ಬಾಂಧವರಿಗೆ ನಮಸ್ಕಾರ. ಕಾಂಬೋಡಿಯಾದ ದಕ್ಷಿಣ ಕರಾವಳಿಯಲ್ಲಿ ಕಾಂಪೋಟ್ ಎಂಬ ಪುಟ್ಟ ಪಟ್ಟಣವಿದೆ. ರಾಜಧಾನಿ ನೋಮ್ ಪೆನ್‌ನಿಂದ ಸುಮಾರು 150 ಕಿಲೋಮೀಟರ್. ಒಂದು ಕಡೆ ಬೊಕೋರ್ ಬೆಟ್ಟ, ಇನ್ನೊಂದು ಕಡೆ ಸಮುದ್ರ, ಊರ ನಡುವೆ ಹೊಳೆ. ಸುತ್ತಲೂ ಕಾಳುಮೆಣಸಿನ ತೋಟ. ನಾನು ಹೇಳಹೊರಟದ್ದು ಒಂದೇ ಮಾತು: ಮೆಣಸಿನ ಬೆಲೆ ಇರುವುದು ಕೊಯ್ಲಿನಲ್ಲಿ.

ನಮ್ಮಲ್ಲಿ ಬಳ್ಳಿ ಅಡಿಕೆಗೋ ಸಿಲ್ವರ್ ಓಕಿಗೋ ಹಬ್ಬುತ್ತದೆ. ಅಲ್ಲಿ ಮೂರು-ನಾಲ್ಕು ಮೀಟರಿನ ಕಂಬ ನೆಡುತ್ತಾರೆ. ಎಳೆ ಬಳ್ಳಿಗೆ ಗರಿಯ ನೆರಳು, ಬುಡಕ್ಕೆ ಸಗಣಿ ಗೊಬ್ಬರ, ಬಾವಲಿ ಹಿಕ್ಕೆ. ಸಾಲನ್ನು ಏರಿಸಿ ಬಸಿಗಾಲುವೆ ತೆಗೆಯುತ್ತಾರೆ. ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಬಂದಂತೆಯೇ, ಅದನ್ನು ನಿಮಗೆ ಹೇಳಿಕೊಡಬೇಕಿಲ್ಲ.

ಈಗ ಕೊಯ್ಲು. ಫೆಬ್ರುವರಿಯಿಂದ ಮೇ ತನಕ. ಗೊಂಚಲು ಕೈಯಲ್ಲಿ ಹಿಡಿದು ನೋಡಿ: ತುಂಬ ಹಸಿರು ಕಾಳು, ನಡುವೆ ಎರಡೋ ಮೂರೋ ಕೆಂಪು. ನಾವು ಇಡೀ ಗೊಂಚಲು ಕಿತ್ತು ಚೀಲಕ್ಕೆ ಹಾಕಿಬಿಡುತ್ತೇವೆ. ಅವರು ಪೂರ್ತಿ ಹಣ್ಣಾದ ಕಾಳನ್ನೇ ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಕುದಿನೀರಲ್ಲಿ ಕ್ಷಣಕಾಲ ಅದ್ದಿ, ತಣ್ಣೀರಿಗೆ ಹಾಕಿ, ಬಿಸಿಲಿಗೆ ತೆಳುವಾಗಿ ಹರಡುತ್ತಾರೆ. ಅದೇ ಕೆಂಪು ಮೆಣಸು. ಹಣ್ಣು ಕಾಳು ರಾಶಿಯಲ್ಲಿ ಬೆವರಿತೋ, ಬಣ್ಣ ಹೋಯಿತು, ಕಪ್ಪಾಯಿತು. ಅದೇ ಹಣ್ಣನ್ನು ನೆನೆಹಾಕಿ ಸಿಪ್ಪೆ ತಿಕ್ಕಿ ತೆಗೆದರೆ ಬಿಳಿಮೆಣಸು. ಹಣ್ಣಾಗುವ ಮೊದಲೇ, ಹಳದಿ ತಿರುಗುವಾಗ ಕಿತ್ತು ಒಣಗಿಸಿದರೆ ಕರಿಮೆಣಸು. ಬಳ್ಳಿ ಒಂದೇ, ಕೊಯ್ಲು ಬೇರೆ, ಬೆಲೆ ಬೇರೆ! ಕರಿಗೂ ಕೆಂಪಿಗೂ ಒಂದೇ ಚೀಲ ಹಿಡಿಯಬೇಡಿ ಎಂದು ಎಷ್ಟು ಸಲ ಹೇಳಬೇಕು?

ಫ್ರೆಂಚರ ಕಾಲದಲ್ಲಿ ಈ ಮೆಣಸಿಗೆ ಯುರೋಪಿನಲ್ಲಿ ದೊಡ್ಡ ಹೆಸರಿತ್ತು. 1975ರಿಂದ 1979ರ ತನಕ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಜನರನ್ನು ಭತ್ತದ ಗದ್ದೆಗಳಿಗೆ ಅಟ್ಟಿದರು, ತೋಟಗಳು ಹಾಳುಬಿದ್ದವು. ಬದುಕುಳಿದ ಕುಟುಂಬಗಳು ಮತ್ತೆ ಕಂಬ ನೆಟ್ಟವು. 2010ರಲ್ಲಿ ಕಾಂಬೋಡಿಯಾ, 2016ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ಮನ್ನಣೆ ಕೊಟ್ಟವು, ಅಂದರೆ ಆ ಸೀಮೆಯ ಮೆಣಸಿಗೆ ಮಾತ್ರ ಆ ಹೆಸರು. ಹೆಸರು ಬಂದ ಮೇಲೆ ಬೇರೆ ಕಡೆಯ ಕಾಳನ್ನೂ ಕಾಂಪೋಟ್ ಎಂದು ಮಾರುವವರು ಹುಟ್ಟಿಕೊಂಡರು. ಕೊಳ್ಳುವವರು ಪೊಟ್ಟಣದ ಮೇಲೆ ಮನ್ನಣೆಯ ಗುರುತು ನೋಡಲಿ.

ಅಲ್ಲಿ ಉಪ್ಪಿನ ಗದ್ದೆಗಳಿವೆ, ಪಕ್ಕದ ಊರು ಕೆಪ್‌ನಲ್ಲಿ ಹಸಿ ಕಾಳುಮೆಣಸಿನ ಗೊಂಚಲು ಹಾಕಿ ಹುರಿದ ಏಡಿ ಇದೆ, ಅದಕ್ಕೆಲ್ಲ ಸಮಯವಿಲ್ಲ. ಈ ಸಲ ಒಂದು ಬಳ್ಳಿಯಲ್ಲಾದರೂ ಹಣ್ಣು ಕಾಳನ್ನು ಬೇರೆ ಬುಟ್ಟಿಗೆ ಕೊಯ್ಯಿರಿ, ಅಂದೇ ಬಿಸಿಲಿಗೆ ಹಾಕಿ. ನಮಸ್ಕಾರ.